ಮಣ್ಣಿನ ಬೋರಮಾಳ

ಕಳೆದ ವೈಶಾಖದಲ್ಲಿ ಕಲಬುರಗಿಯಲ್ಲಿ ನಮ್ಮ ಮನೆತನದ ಮದುವೆಯೊಂದಿತ್ತು. ಹಸಿರು ಇಳಕಲ್ಲ ಸೀರೆ ಉಟ್ಟು, ತಾಳಿಯ ಜೊತೆಗೆ ಕೊರಳಲ್ಲಿ ಒಂದು ಬೋರಮಾಳ ಹಾಕಿಕೊಂಡು ಹೋಗಿದ್ದೆ. ದೂರದಿಂದ ನೋಡಿದವರಿಗೆ ಅದು ಬಂಗಾರದ್ದೇ. ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತ ನಾದಿನಿ ಕೈ ಚಾಚಿ ಒಂದು ಮಣಿ ಮುಟ್ಟಿದಳು. "ವೈನಿ, ಇದು ಮಣ್ಣಿಂದಲ್ರೀ? ಬಂಗಾರದ್ದು ಬ್ಯಾಂಕಿನ್ಯಾಗ ಇಟ್ಟೀರೇನು?" ಎಂದು ನಕ್ಕಳು. ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಅವಳು ಕೇಳಿದ್ದು ಚೇಷ್ಟೆಗೆ. ಆದರೆ ನನ್ನ ಬೋರಮಾಳ ನಿಜವಾಗಿಯೂ ಬ್ಯಾಂಕಿನಲ್ಲಿತ್ತು. ಮಗನ ಓದಿಗಾಗಿ ಅಡವಿಟ್ಟು ಎರಡು ವರ್ಷವಾಗಿತ್ತು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತರೆ, ಬೆವರಿಗೆ ಇಳಿದ ಬಂಗಾರದ ಬಣ್ಣ ಕೊರಳ ಸುತ್ತ ಹತ್ತಿತ್ತು. ಬಣ್ಣ ಹೋದ ಕಡೆ ಮಣಿಗಳು ಕೆಂಪಗೆ ಕಾಣುತ್ತಿದ್ದವು. ಆ ಕೆಂಪು ಚೆನ್ನಾಗಿತ್ತು. ಅದನ್ನು ಮುಚ್ಚಿದ್ದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಸರ ಮಾಡಿದವಳು ಕಮಲಾಪುರದವಳು, ನನ್ನ ಹಳೆಯ ವಿದ್ಯಾರ್ಥಿನಿ. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದರೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಕೆಂಬಾಳೆಗೆ ಹೆಸರಾದ ಊರು. ಚಳಿಗಾಲದಲ್ಲಿ ಅವಳ ಮನೆಗೆ ಹೋದಾಗ ಪಡಸಾಲೆಯ ತುಂಬ ಗೋಣಿಚೀಲ ಹಾಸಿ ಮಣಿ ಒಣಗಲು ಬಿಟ್ಟಿದ್ದಳು. ಕೆಲಸಕ್ಕೆ ಬೇರೆ ಕೋಣೆ ಇಲ್ಲ. ಅಡಿಗೆ ಮುಗಿದ ಮೇಲೆ ಕಟ್ಟೆ ಒರೆಸಿ ಅಲ್ಲೇ ಮಣ್ಣು ನಾದುತ್ತಾಳೆ.

ನಮ್ಮ ಜಿಲ್ಲೆಯ ಎರೆ ಮಣ್ಣು ತೊಗರಿಗೆ ಒಳ್ಳೆಯದು, ಮಣಿಗೆ ಒಳ್ಳೆಯದಲ್ಲ. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಬಿರಿಯುತ್ತದೆ. ಅದಕ್ಕೇ ಅವಳು ಕೆರೆಯ ಮಣ್ಣು ತಂದು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ, ಹೋಳಿಗೆಯ ಕಣಕದಂತೆ ನಾದುತ್ತಾಳೆ. ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಮಣಿ ಸಿಡಿಯುತ್ತದೆ. ಅಂಗೈಯಲ್ಲಿ ಉರುಟಿ, ಕಸಬರಿಗೆ ಕಡ್ಡಿಯಿಂದ ತೂತು ಮಾಡಿ, ದಿನಗಟ್ಟಲೆ ನೆರಳಿನಲ್ಲಿ ಒಣಗಿಸಿ, ಹಿತ್ತಿಲ ಆವಿಗೆಯಲ್ಲಿ ಕುಳ್ಳು ಮತ್ತು ತೊಗರಿ ಕಟ್ಟಿಗೆ ಹಾಕಿ ಸುಡುತ್ತಾಳೆ. ಕಾವು ಸುಮಾರು 600 ಡಿಗ್ರಿ ದಾಟಿತೆಂದರೆ ಮಣ್ಣಿನ ಒಡಲಲ್ಲಿ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಕೆಸರಾಗುವುದಿಲ್ಲ. ಗಾಳಿಯಾಡುವಂತೆ ಸುಟ್ಟರೆ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಬಾಯಿ ಮುಚ್ಚಿ ಹೊಗೆ ತುಂಬಿಸಿದರೆ ಅದೇ ಮಣ್ಣು ಕಪ್ಪಾಗುತ್ತದೆ.

ಅಂದು ಅವಳು ಎರಡು ಪರಾತ ತಂದಿಟ್ಟಳು. ಒಂದರಲ್ಲಿ ಬಣ್ಣವಿಲ್ಲದ ಕೆಂಪು, ಕಪ್ಪು ಸರಗಳು. ಇನ್ನೊಂದರಲ್ಲಿ ಬಂಗಾರದ ಬಣ್ಣ ಬಳಿದ ಬೋರಮಾಳ, ಪುತಳಿ ಸರ, ಜುಮಕಿ. "ಟೀಚರ್, ನನಗ ಇವು ಸೇರ್ತಾವ್ರಿ" ಎಂದು ಮೊದಲನೆಯದನ್ನು ಮುಂದೆ ಸರಿಸಿದಳು. ನಾನು ಎರಡನೆಯದಕ್ಕೆ ಕೈ ಹಾಕಿದೆ. ಏಕೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಈಗ ಅವಳ ಕೆಲಸದ ಗುಣದೋಷದ ಮಾತು. ಶಿಷ್ಯೆಯೆಂದು ಅಂಕ ಕೊಡುವ ಚಟ ನನಗಿಲ್ಲ.

ಬಣ್ಣದ ಬೋರಮಾಳದಲ್ಲಿ ಮಣಿಗಳೆಲ್ಲ ಒಂದೇ ಅಳತೆ, ಅಚ್ಚಿನಿಂದ ತೆಗೆದಂತೆ. ಅಕ್ಕಸಾಲಿಗ ಬೋರಮಾಳದ ಗುಂಡನ್ನು ತೆಳು ತಗಡಿನಲ್ಲಿ ಟೊಳ್ಳಾಗಿ ಮಾಡುತ್ತಾನೆ, ಅದು ಹಗುರು. ಮಣ್ಣಿನ ಗುಂಡು ಗಟ್ಟಿ. ನಲವತ್ತು ಗುಂಡು ಪೋಣಿಸಿದರೆ ಕುತ್ತಿಗೆ ಜಗ್ಗುತ್ತದೆ. ಜುಮಕಿಯ ಪಾಡೂ ಅದೇ, ಮಧ್ಯಾಹ್ನದ ಹೊತ್ತಿಗೆ ಕಿವಿ ಸೋಲುತ್ತದೆ. ರೂಪ ಬಂಗಾರದ್ದು, ಭಾರ ಮಣ್ಣಿನದು: ಎರಡು ಕಡೆಯೂ ನಷ್ಟವೇ. ಬಣ್ಣವಂತೂ ಒಂದು ಮದುವೆ ದಾಟಲಿಲ್ಲ.

ಬರಿ ಮಣ್ಣಿನ ಸರಗಳಲ್ಲಿ ಅವಳ ಕೈ ಬೇರೆಯೇ. ಕಪ್ಪು ಸರದಲ್ಲಿ ಜೋಳದ ಕಾಳಿನಷ್ಟು ಸಣ್ಣ ಮಣಿಯಿಂದ ಆರಂಭಿಸಿ ನಡುವೆ ಒಂದೇ ಒಂದು ದೊಡ್ಡ ಬಿಲ್ಲೆಯನ್ನು ಇಟ್ಟಿದ್ದಾಳೆ. ಬಿಲ್ಲೆಯ ಮೇಲೆ ಚಿತ್ತಾರವಿಲ್ಲ, ಹೆಬ್ಬೆರಳಿನ ಒತ್ತು ಮಾತ್ರ. ಮಣಿಗಳನ್ನು ಹಸಿಯಿದ್ದಾಗಲೇ ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತಂದಿದ್ದಾಳೆ. ಆ ಹೊಳಪು ಬೆವರಿಗೆ ಹೋಗುವಂಥದ್ದಲ್ಲ. ಕೊರತೆಯೂ ಇದೆ. ತೂತಿನ ಅಂಚು ನಯವಾಗಿಲ್ಲದೆ ದಾರ ಸವೆಯುತ್ತದೆ. ಕೊಂಡಿ ಅಗ್ಗದ್ದು, ಬೇಗ ಕಿಲುಬು ಹಿಡಿಯುತ್ತದೆ. ಇವು ತಿದ್ದಬಹುದಾದ ತಪ್ಪುಗಳು.

ಹಾಗಾದರೆ ನಕಲು ಮಾಡುವುದೇ ತಪ್ಪೇ? ಸಮಾಜ ವಿಜ್ಞಾನ ಕಲಿಸಿದವಳು ಅಷ್ಟು ಸುಲಭವಾಗಿ ಹೌದೆನ್ನಲಾರೆ. ಸಿಂಧೂ ಬಯಲಿನ ಹರಪ್ಪದಂಥ ಊರುಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಕೆಂಪು ಕಾರ್ನೀಲಿಯನ್ ಕಲ್ಲಿನ ಉದ್ದ ಮಣಿ ಕೊಳ್ಳಲಾಗದವರಿಗೆ ಅದೇ ಆಕಾರದ ಸುಟ್ಟ ಮಣ್ಣಿನ ಮಣಿ ಇತ್ತು. ಅಂದೂ ಯಾರೋ ಒಬ್ಬಳು ಪಂಕ್ತಿಯಲ್ಲಿ ನನ್ನಂತೆ ಕುಳಿತಿರಬೇಕು. ಆದರೆ ಅದೇ ಜನ ಮಣ್ಣನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಬಲು ಕಾವಿನಲ್ಲಿ ಸುಟ್ಟು, ಕಲ್ಲಿನಷ್ಟು ಗಟ್ಟಿಯಾದ ಬೂದುಗಪ್ಪು ಬಳೆ ಮಾಡಿದರು. ಕೆಲವದರ ಮೇಲೆ ಸಣ್ಣ ಅಕ್ಷರ ಕೊರೆದಿದ್ದಾರೆ. ಅವು ಬಡವರ ಬಳೆಗಳಾಗಿರಲಿಲ್ಲ, ಬೆಲೆಯುಳ್ಳವು. ಮಣ್ಣೆಂದರೆ ಇಲ್ಲದವರ ಪಾಲಿಗೆ ಎಂಬುದು ಎಲ್ಲ ಕಾಲದ ಮಾತಲ್ಲ.

ನಮ್ಮ ನೆಲವೂ ಎರಡನ್ನೂ ಕಂಡಿದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಕಂಡವನೂ ಚಿನ್ನದ ಗಣಿಯ ಎಂಜಿನಿಯರನೇ. ಇತ್ತ ಹರಿಹರ ಕವಿ ರಗಳೆ ಬರೆದದ್ದು ಕುಂಬಾರ ಗುಂಡಯ್ಯನ ಮೇಲೆ. ಆ ಗುಂಡಯ್ಯ ಗಡಿಗೆ ಬಾರಿಸಿದರೆ ಶಿವನೇ ಕುಣಿದನಂತೆ. ಇನ್ನು ಆಷಾಢದ ಮಂಗಳವಾರ ನಾವು ಚಿಕ್ಕಂದಿನಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿಯಿಂದ ಸಿಂಗರಿಸುತ್ತಿದ್ದೆವಲ್ಲ, ಅವಳಿಗೆ ಬಂಗಾರದ ಬಣ್ಣ ಬಳಿಯಬೇಕೆಂದು ನಮ್ಮಲ್ಲಿ ಯಾರಿಗಾದರೂ ಅನಿಸಿತ್ತೇ?

ಅದೇ ಆಷಾಢದಲ್ಲಿ ಮತ್ತೆ ಕಮಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಈಗ ಬಂಗಾರದ ಬಣ್ಣದ್ದೊಂದೇ ಪರಾತ ಇತ್ತು. ಕಪ್ಪು ಸರ ಎಲ್ಲಿ ಎಂದೆ. "ಮಾಡೂದು ಬಿಟ್ಟೀನ್ರಿ ಟೀಚರ್. ಯಾರೂ ಒಯ್ಯಂಗಿಲ್ಲ. ನೀವಾ ಒಯ್ಲಿಲ್ಲಲ್ರೀ" ಎಂದಳು. ದೂರಿನ ದನಿಯಲ್ಲ, ಲೆಕ್ಕ ಹೇಳುವ ದನಿ. ಬಣ್ಣ ಬಳಿಸಿದವರಲ್ಲಿ ನಾನೂ ಒಬ್ಬಳು ಎಂದು ಆಗ ತಿಳಿಯಿತು. ಮಾಡುವವಳ ಕೈಯನ್ನು ಕೊಳ್ಳುವವಳ ನಾಚಿಕೆ ಕೆಡಿಸುತ್ತದೆ.

ಟ್ರಂಕಿನಲ್ಲಿ ಉಳಿದಿದ್ದ ಕಪ್ಪು ಸರವನ್ನು ತೆಗೆಸಿ, ಅವಳು ಹೇಳಿದ ಬೆಲೆಯನ್ನೇ ಕೊಟ್ಟು ತಂದೆ. ತೂತಿನ ಅಂಚಿನ ಮಾತನ್ನೂ ಕೊಂಡಿಯ ಮಾತನ್ನೂ ಹೇಳಿ ಬಂದೆ. ಇನ್ನೂ ಆರು ಸರ ಮಾಡಿಡು, ಶಾಲೆಯಲ್ಲಿ ಕೇಳುವವರಿದ್ದಾರೆ ಎಂದೆ. ಅದು ಅಂದಿಗೆ ಸುಳ್ಳಾಗಿತ್ತು. ನಿಜ ಮಾಡಲು ನಾನು ದಿನವೂ ಆ ಸರ ಹಾಕಿಕೊಂಡು ಹೋಗಬೇಕಾಯಿತು. ಈಗ ನಾಲ್ಕು ಜನ ಕೇಳಿದ್ದಾರೆ.

ಶ್ರಾವಣದಲ್ಲಿ ನಾದಿನಿ ಮನೆಗೆ ಬಂದಳು. ಕೊರಳು ನೋಡಿ, "ಮತ್ತ ಮಣ್ಣಿಂದ ಏನ್ರಿ ವೈನಿ?" ಎಂದಳು. "ಹೌದವಾ, ಮಣ್ಣಿಂದ. ಬಂಗಾರದ್ದು ಬ್ಯಾಂಕಿನ್ಯಾಗ ಐತಿ" ಎಂದೆ. ಅವಳು ಈ ಸಲ ನಗಲಿಲ್ಲ. ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಇದಕ್ಕೆ ಎಷ್ಟು ಎಂದು ಕೇಳಿದಳು.