ಎಲ್‌ಸಿ3ಗೆ ಸಂದ ಅತಿ ಮನ್ನಣೆ

ಜೀವಕೋಶ ತನ್ನದೇ ಸರಕನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸಿಕೊಳ್ಳುವ ಆಟೋಫಜಿಯ ಯಾವ ಉಪನ್ಯಾಸಕ್ಕೆ ಹೋದರೂ ಪರದೆಯ ಮೇಲೆ ಮೊದಲು ಮೂಡುವುದು ಎಲ್‌ಸಿ3 ಎಂಬ ಪ್ರೋಟೀನಿನ ಹಸಿರು ಚುಕ್ಕೆಗಳು. ಚುಕ್ಕೆ ಹೆಚ್ಚಿದರೆ ಆಟೋಫಜಿ ಹೆಚ್ಚಿತು ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. 2016ರಲ್ಲಿ ಆಟೋಫಜಿ ಸಂಶೋಧನೆಗಾಗಿ ಯೊಶಿನೊರಿ ಓಸುಮಿ ಅವರಿಗೆ ಸಂದ ನೊಬೆಲ್ಲನ್ನು ಏಕಾದಶಿ ಉಪವಾಸದ ತಲೆಗೆ ಕಟ್ಟಿದ ವಾಟ್ಸ್ಆ್ಯಪ್ ಪಂಡಿತರನ್ನು ಬಿಡಿ; ಬಲ್ಲವರೇ ಇಡೀ ಕ್ರಿಯೆಯ ಯಜಮಾನಿಕೆಯನ್ನು ಈ ಒಂದು ಪ್ರೋಟೀನಿಗೆ ಬರೆದುಕೊಟ್ಟಿದ್ದಾರಲ್ಲ, ನನ್ನ ತಕರಾರು ಅದು.

ಎಲ್‌ಸಿ3ಯ ರಚನೆ ಏನು ಹೇಳುತ್ತದೆ? ಯುಬಿಕ್ವಿಟಿನ್‌ನದೇ ಮಡಿಕೆ, ತುದಿಯಲ್ಲಿ ಎರಡು ಹೆಚ್ಚುವರಿ ಸುರುಳಿ, ಮೈಮೇಲೆ ನೀರನ್ನು ಒಲ್ಲದ ಎರಡು ಗುಳಿ. ಸರಕನ್ನು ಹೊತ್ತು ತರುವ ಪಿ62 ಪ್ರೋಟೀನಿನ ಗಿಡ್ಡ ತುಣುಕೊಂದು ಬಂದು ಅಲ್ಲಿ ಕೂರುತ್ತದೆ: ಟ್ರಿಪ್ಟೋಫ್ಯಾನ್ ಒಂದು ಗುಳಿಗೆ, ನಡುವೆ ಎರಡು ಅಮೈನೋ ಆಮ್ಲ ಬಿಟ್ಟು ಲ್ಯೂಸಿನ್ ಇನ್ನೊಂದಕ್ಕೆ. ಬಾಲದ ಗ್ಲೈಸಿನ್ ಪೊರೆಯ ಲಿಪಿಡ್‌ಗೆ ಅಂಟುತ್ತದೆ. ಇದು ಕೊಕ್ಕೆ. ಸರಕು ಹಿಡಿಯಲು ಹೇಳಿ ಮಾಡಿಸಿದ್ದು. ಪೊರೆಯನ್ನೇ ಕಟ್ಟುವ ಶಕ್ತಿ ಇದರಲ್ಲೆಲ್ಲಿದೆ?

ಇದೆ ಎಂದವರಿಗೆ ಬಲ ಬಂದದ್ದು 2007ರಲ್ಲಿ. ಯೀಸ್ಟಿನಲ್ಲಿ ಇದರ ಸಮಾನವಾದ ಎಟಿಜಿ8, ಕೃತಕ ಪೊರೆಗಳನ್ನು ಜೋಡಿಸಿ ಅರೆಬೆಸೆಯುತ್ತದೆ ಎಂದು ಓಸುಮಿ ತಂಡ ತೋರಿಸಿತು. 2011ರಲ್ಲಿ ಇನ್ನೊಂದು ತಂಡ ಅದೇ ಪ್ರಯೋಗದ ಲಿಪಿಡ್ ಪ್ರಮಾಣವನ್ನು ಜೀವಕೋಶದ ಮಟ್ಟಕ್ಕೆ ಇಳಿಸಿತು. ಜೋಡಣೆ ಉಳಿಯಿತು, ಬೆಸುಗೆ ಆಗಲಿಲ್ಲ. 2016ರಲ್ಲಿ ಮಾನವ ಕೋಶಗಳಿಂದ ಎಲ್‌ಸಿ3ಯ ಕುಟುಂಬದ ಆರೂ ಪ್ರೋಟೀನುಗಳನ್ನು ತೆಗೆದುಹಾಕಿದರು. ಸರಕನ್ನು ಸುತ್ತುವ ಪೊರೆಚೀಲ, ಅಂದರೆ ಆಟೋಫಾಗೋಸೋಮ್, ಆಗಲೂ ಹುಟ್ಟಿತು. ಗಾತ್ರ ಕುಗ್ಗಿತು, ಸರಕನ್ನು ಜೀರ್ಣಿಸುವ ಲೈಸೋಸೋಮ್ ಜೊತೆ ಕೂಡಲು ತಿಣುಕಿತು, ನಿಜ. ಆದರೆ ಕಟ್ಟುವ ಕೆಲಸ ನಿಲ್ಲಲಿಲ್ಲ. ಇಷ್ಟಾದರೂ ಹಳೆಯ ಮಾತನ್ನೇ ಪಠ್ಯಗಳಲ್ಲಿ ಉರು ಹೊಡೆಸುವವರಿಗೆ ಏನನ್ನೋಣ!

ಹಾಗಾದರೆ ಪೊರೆ ಕಟ್ಟುವವರು ಯಾರು? 1993ರಲ್ಲಿ ಓಸುಮಿ ಹೆಕ್ಕಿದ, ಆಟೋಫಜಿ ಕೆಟ್ಟ 15 ಯೀಸ್ಟ್ ರೂಪಾಂತರಿಗಳ ಪಟ್ಟಿಯಲ್ಲಿ ಎಟಿಜಿ2 ಕೂಡ ಇತ್ತು. ಅದರ ಕೆಲಸ ಸ್ಪಷ್ಟವಾದದ್ದು 2019ರಲ್ಲಿ. ಸುಮಾರು 20 ನ್ಯಾನೊಮೀಟರ್ ಉದ್ದದ ಕೋಲು, ಉದ್ದಕ್ಕೂ ನೀರನ್ನು ಒಲ್ಲದ ಒಂದು ತೋಡು. ಒಂದು ತುದಿ ಲಿಪಿಡ್ ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ಇನ್ನೊಂದು ಬೆಳೆಯುತ್ತಿರುವ ಪೊರೆಯ ಅಂಚಿನಲ್ಲಿ. ಲಿಪಿಡ್ಡಿನ ಬಾಲ ನೀರಿನಲ್ಲಿ ಸಾಗಲಾರದು; ತೋಡಿನೊಳಗೆ ಜಾರುತ್ತ ಬರುತ್ತದೆ. ಬಂದದ್ದು ಪೊರೆಯ ಒಂದೇ ಪದರಕ್ಕೆ ಸೇರುವುದರಿಂದ ಎರಡೂ ಪದರಗಳನ್ನು ಸರಿದೂಗಿಸಲು ಮೂರು ಪ್ರತಿಗಳ ಜೋಡಣೆಯಾದ ಎಟಿಜಿ9 ಬೇಕು. ಪೊರೆ ಕಟ್ಟುವವರು ಇವರು.

ಚುಕ್ಕೆ ಎಣಿಸುವವರಿಗೆ ಮುಜುಗರದ ಸಂಗತಿಯೂ ಇಲ್ಲೇ ಇದೆ. ಎಟಿಜಿ2 ಇಲ್ಲದ ಕೋಶದಲ್ಲಿ ಆಟೋಫಜಿ ಅರ್ಧಕ್ಕೇ ನಿಲ್ಲುತ್ತದೆ, ಎಲ್‌ಸಿ3 ಮಾತ್ರ ರಾಶಿ ಬೀಳುತ್ತದೆ. ಕ್ಲೋರೋಕ್ವಿನ್ ಹಾಕಿ ಲೈಸೋಸೋಮ್ ಕೆಡಿಸಿದರೂ ಅದೇ ಕತೆ: ಕರಗಬೇಕಾದ ಎಲ್‌ಸಿ3 ಕರಗದೆ ಉಳಿಯುತ್ತದೆ. ಲೈಸೋಸೋಮನ್ನು ತಡೆದೂ ತಡೆಯದೆಯೂ ಹೋಲಿಸಿ ನೋಡದೆ ಬರೀ ಚುಕ್ಕೆಗಳ ಲೆಕ್ಕ ಕೊಡುವ ಪ್ರಬಂಧವನ್ನು ಸಂಪಾದಕರು ಮುಲಾಜಿಲ್ಲದೆ ವಾಪಸು ಕಳಿಸಬೇಕು.