ಕಿಲೋಮೀಟರಿನ ಲೆಕ್ಕ, ನಿಮಿಷದ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಸೈಟು ನೋಡಲು ಹೋಗಿದ್ದ ಗೆಳೆಯನ ಜೊತೆ ನಾನೂ ಹೋಗಿದ್ದೆ. ಬ್ರೋಷರಿನಲ್ಲಿ "ಮೆಟ್ರೊ ನಿಲ್ದಾಣಕ್ಕೆ 10 ನಿಮಿಷ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಯಾವ ಹೊತ್ತಿನ ಲೆಕ್ಕವಪ್ಪಾ ಇದು ಎಂದು ಸೈಟು ತೋರಿಸುತ್ತಿದ್ದ ಹುಡುಗನನ್ನು ಕೇಳಿದೆ. "ಭಾನುವಾರ ಬೆಳಗ್ಗೆ ಸಾರ್" ಎಂದು ನಕ್ಕುಬಿಟ್ಟ. ಅವನಿಗಿದ್ದಷ್ಟು ಪ್ರಾಮಾಣಿಕತೆ ನಮ್ಮ ಸಾರಿಗೆ ಯೋಜನೆಗಳಿಗಿಲ್ಲ. ಅವು ಕಿಲೋಮೀಟರಿನಲ್ಲಿ ಮಾತಾಡುತ್ತವೆ. ನಿಲ್ದಾಣದಲ್ಲಿ ನಿಂತವರ ಲೆಕ್ಕವೆಲ್ಲ ನಿಮಿಷದಲ್ಲಿ.

ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಅದಕ್ಕೆ ಕೈ ಹಾಕಿದ್ದು 1970ರ ದಶಕದ ಕೊನೆಯಲ್ಲಿ. ಹೊಸೂರು ರಸ್ತೆಯ ಮೇಲೆ ಸುಮಾರು 10 ಕಿ.ಮೀ. ಉದ್ದದ ಟೋಲ್ ಮೇಲ್ಸೇತುವೆ ಎದ್ದದ್ದು 2010ರಲ್ಲಿ. ಮೆಟ್ರೊದ ಹಳದಿ ಮಾರ್ಗ ಬಂದದ್ದು 2025ರ ಆಗಸ್ಟಿನಲ್ಲಿ. ಕಾರಿಗೆ ದಾರಿ ಮಾಡಿಕೊಟ್ಟು 15 ವರ್ಷ ಕಳೆದ ಮೇಲೆ ರೈಲಿನ ಸರದಿ. ಅಷ್ಟರೊಳಗೆ ಅಲ್ಲಿನ ನೌಕರರು ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುವ ವಿದ್ಯೆಯನ್ನು ಪೂರ್ತಿ ಕಲಿತಿದ್ದರು. ಕೊನೆಗೂ ಬಂದ ಮಾರ್ಗಕ್ಕೆ 19 ಕಿ.ಮೀ. ಹಳಿ ಇತ್ತು, 16 ನಿಲ್ದಾಣಗಳಿದ್ದವು, ರೈಲು ಮಾತ್ರ ಮೂರೇ. 25 ನಿಮಿಷಕ್ಕೊಂದು ಗಾಡಿ. ಬೋಗಿಗಳ ಪೂರೈಕೆ ವರ್ಷಗಟ್ಟಲೆ ತಡವಾಗಿತ್ತು, ಒಪ್ಪೋಣ. ಬೀಗ ಹಾಕಿದ ನಿಲ್ದಾಣಕ್ಕಿಂತ 25 ನಿಮಿಷವೇ ವಾಸಿ ಎಂಬುದನ್ನೂ ಒಪ್ಪುತ್ತೇನೆ. ಆಮೇಲೆ ಒಂದೊಂದೇ ರೈಲು ಸೇರಿ ಕಾಯುವ ಹೊತ್ತು ಇಳಿಯಿತು. ಆದರೆ ಕಂಬ ನೆಡುವ ಟೆಂಡರಿಗೆ ಸಿಕ್ಕ ಗಮನ ಗಾಡಿ ತರುವ ಟೆಂಡರಿಗೆ ಸಿಗಲಿಲ್ಲ ಎಂಬುದು ಆ ಮೊದಲ ದಿನಗಳಲ್ಲಿ ಪ್ಲಾಟ್‌ಫಾರಂ ಮೇಲೆಯೇ ಕಾಣುತ್ತಿತ್ತು.

ವಿಮಾನ ನಿಲ್ದಾಣದ ಕಥೆಯಲ್ಲಿ ಹಳಿಯ ಕೊರತೆಯೂ ಇರಲಿಲ್ಲ. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ದಾರಿ, 2008ರಲ್ಲಿ ಅಲ್ಲಿ ವಿಮಾನ ಇಳಿಯುವುದಕ್ಕೆ ಬಹಳ ಮೊದಲೇ ಇತ್ತು. ಆದರೂ ಅಲ್ಲೊಂದು ಹಾಲ್ಟ್ ಸ್ಟೇಷನ್ ಆದದ್ದು 2021ರ ಜನವರಿಯಲ್ಲಿ. ಆಗ ಟಿಕೆಟ್ ಹತ್ತು ಹದಿನೈದು ರೂಪಾಯಿ, ಇಳಿದವರಿಗೆ ಟರ್ಮಿನಲ್‌ವರೆಗೆ ಷಟಲ್ ಬಸ್. ಕಾಗದದ ಮೇಲೆ ಇದಕ್ಕಿಂತ ಅಗ್ಗದ, ಅಂದದ ಯೋಜನೆ ಇನ್ನೊಂದಿಲ್ಲ. ಆದರೆ ಒಂಟಿ ಹಳಿಯ ಮೇಲೆ ಬೆರಳೆಣಿಕೆಯ ರೈಲುಗಳು. ವಿಮಾನದ ಹೊತ್ತಿಗೂ ಪಾಳಿ ಬದಲಾಗುವ ಹೊತ್ತಿಗೂ ಅವು ಹೊಂದುತ್ತಿರಲಿಲ್ಲ. ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಜನ ಹತ್ತಲಿಲ್ಲ. "ಬೇಡಿಕೆ ಇಲ್ಲ" ಎಂಬ ತೀರ್ಪು ಬಂತು. ಇದೇ ದಾರಿಯ ಬಿಎಂಟಿಸಿ ವಾಯುವಜ್ರ ಬಸ್ಸಿಗೆ ಈ ಮಾತು ಬರಲಿಲ್ಲ. ಅದೇನು ಅಗ್ಗದ ಬಸ್ಸಲ್ಲ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅದೂ ಸಿಕ್ಕಿಕೊಳ್ಳುತ್ತದೆ. ಆದರೂ ಸರಿರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಹೊರಬಂದವರಿಗೆ ಕೆಐಎ-9 ಹತ್ತಿದರೆ ಮೆಜೆಸ್ಟಿಕ್, ಕೆಐಎ-8 ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿ ಎಂಬುದು ಗೊತ್ತು. ಜನ ದುಡ್ಡು ಕೊಡುವುದು ಆ ಭರವಸೆಗೆ.

ಈ ಭರವಸೆಯ ಪಾಠವನ್ನು ನಾನು ಕಲಿತದ್ದು ನಮ್ಮಜ್ಜಿಯ ಊರಿನ ನೈಟ್ ಹಾಲ್ಟ್ ಬಸ್ಸಿನಿಂದ. ರಾತ್ರಿ ಎಂಟೂವರೆಗೆ ಬಂದು ಅರಳೀಕಟ್ಟೆ ಪಕ್ಕ ನಿಲ್ಲುತ್ತಿತ್ತು. ಡ್ರೈವರು ಶಾಲೆಯ ಜಗಲಿಯಲ್ಲಿ, ಕಂಡಕ್ಟರು ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಿದ್ದರು. ಬೆಳಗ್ಗೆ ಆರಕ್ಕೆ ಎಂಟೇ ಜನ ಇದ್ದರೂ ಬಸ್ಸು ಹೊರಟೇ ಹೊರಡುತ್ತಿತ್ತು. ಅದನ್ನು ನಂಬಿ ನನ್ನ ಸೋದರತ್ತೆ ಪಿಯುಸಿ ಓದಿದಳು. ಅದನ್ನು ನಂಬಿ ಸೊಪ್ಪು ಪೇಟೆಗೆ ಹೋಯಿತು. ವರ್ಷ ಕಳೆಯುವುದರೊಳಗೆ ಆರರ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟವಾಯಿತು. ಬಸ್ಸು ಮೊದಲು, ಪ್ರಯಾಣಿಕರು ಆಮೇಲೆ. ಬೆಂಗಳೂರಿನ ಯೋಜಕರು ಇದನ್ನೇ ತಿರುಗಿಸಿ ಹಿಡಿದಿದ್ದಾರೆ. ಬಡಾವಣೆ ತುಂಬಲಿ, ಆಮೇಲೆ ಬಸ್ಸು ಕೊಡೋಣ ಎನ್ನುತ್ತಾರೆ. ಅಷ್ಟರಲ್ಲಿ ಮನೆಗೆರಡು ಸ್ಕೂಟರು, ಒಂದು ಕಾರು ಬಂದಿರುತ್ತವೆ. ಆಮೇಲೆ ಕೊಟ್ಟ ಬಸ್ಸು ಖಾಲಿ ಓಡುತ್ತದೆ.

ಇದು ಹಳ್ಳಿಗಷ್ಟೇ ಸಲ್ಲುವ ಮಾತಲ್ಲ. ಜಪಾನಿನಲ್ಲಿ ಕೊಬಾಯಾಶಿ ಇಚಿಜೊ 1910ರಲ್ಲಿ ಒಸಾಕಾದಿಂದ ಹೊಲಗದ್ದೆಗಳ ನಡುವೆ ರೈಲು ಬಿಟ್ಟ. ಹಳಿಯ ಪಕ್ಕ ಇಕೆಡಾದಲ್ಲಿ ಮನೆ ಕಟ್ಟಿಸಿ ಕಂತಿನ ಮೇಲೆ ಮಾರಿದ. ನಗರದ ಕಡೆಯಿಂದಲೂ ಗಾಡಿ ತುಂಬಲೆಂದು ಹಳಿಯ ಇನ್ನೊಂದು ತುದಿಯ ತಕರಾಜುಕಾದಲ್ಲಿ ಹೆಣ್ಣುಮಕ್ಕಳ ನಾಟಕ ಕಂಪನಿಯನ್ನೇ ಕಟ್ಟಿದ. ಅವನೇನು ಧರ್ಮಕ್ಕೆ ಮಾಡಲಿಲ್ಲ. ರೈಲು ಬಂದು ನೆಲದ ಬೆಲೆ ಏರಿದರೆ ಆ ಲಾಭ ರೈಲಿಗೂ ಬರುವಂತೆ ನೋಡಿಕೊಂಡ. ನಮ್ಮಲ್ಲಿ ಮೆಟ್ರೊ ಎಂದು ಪೇಪರಿನಲ್ಲಿ ಬಂದ ದಿನವೇ ಏರುವ ಬೆಲೆಯ ಬಹುಪಾಲು ಸೈಟು ಮಾರುವವರ ಜೇಬಿಗೆ.

ಹಾಗೆಂದು ಬಸ್ಸು ರೈಲನ್ನು ಜೋಡಿಸಲು ನಮಗೆ ಬರುವುದೇ ಇಲ್ಲ ಎನ್ನಲಾರೆ. 2023ರ ಮಾರ್ಚಿನಿಂದ ಅಕ್ಟೋಬರಿನವರೆಗೆ ನೇರಳೆ ಮಾರ್ಗಕ್ಕೆ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಎರಡು ಕಿ.ಮೀ. ಕೂಡಿರಲಿಲ್ಲ. ಜನ ಮೆಟ್ಟಿಲಿಳಿದು, ಮೆಟ್ರೊಗೆಂದೇ ಇಟ್ಟಿದ್ದ ಬಿಎಂಟಿಸಿ ಬಸ್ಸು ಹತ್ತಿ, ಮತ್ತೆ ಮೆಟ್ಟಿಲೇರುತ್ತಿದ್ದರು. ಎಲ್ಲರೂ ನಕ್ಕರು. ನನಗೆ ಮಾತ್ರ ಅಲ್ಲೊಂದು ಸರಿಯಾದ ಕೆಲಸ ಕಂಡಿತು: ರೈಲಿನಿಂದ ಇಳಿದವರಿಗಾಗಿ ಬಸ್ಸು ನಿಂತಿತ್ತು. ಹೊಸ ಬಡಾವಣೆಗಳ ಪಕ್ಕದ ನಿಲ್ದಾಣಗಳಲ್ಲಿ ಬೇಕಾದದ್ದೂ ಇದೇ.

ಈಗ ಉಪನಗರ ರೈಲಿನ ಕನಸು. 148 ಕಿ.ಮೀ., ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. 2022ರ ಜೂನಿನಲ್ಲಿ ಶಂಕುಸ್ಥಾಪನೆ ಮಾಡುವಾಗ ಹೇಳಿದ 40 ತಿಂಗಳ ಗಡುವು ಮುಗಿದೇ ಹೋಯಿತು. ಹೂವಿನ ಹೆಸರಿಟ್ಟವರ ರುಚಿ ಮೆಚ್ಚುವಂಥದ್ದೇ. ಆದರೆ ಎಷ್ಟು ನಿಮಿಷಕ್ಕೊಂದು ರೈಲು, ಇಳಿದ ಮೇಲೆ ಯಾವ ಬಸ್ಸು ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ. ಮೆಟ್ರೊ, ಬಸ್ಸು, ರೈಲು, ಬಡಾವಣೆ ಒಂದೊಂದೂ ಒಂದೊಂದು ಕಚೇರಿಯ ಕೈಯಲ್ಲಿ. ಇವನ್ನು ಒಟ್ಟಿಗೆ ಕೂರಿಸಲೆಂದೇ 2022ರಲ್ಲಿ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಆಯಿತು. ಅದು ದೊಡ್ಡ ದೊಡ್ಡ ನಕ್ಷೆಗಳನ್ನು ಬದಿಗಿಟ್ಟು, ಬಸ್ಸು ತಿರುಗಿಸಲು ಜಾಗ ಬಿಡದ ಲೇಔಟ್ ನಕ್ಷೆಗೆ ಒಪ್ಪಿಗೆಯಿಲ್ಲ ಎಂಬ ಒಂದೇ ನಿಯಮ ತರುವಂತಾದರೂ ಸಾಕಿತ್ತು.

ಗೆಳೆಯನ ಸೈಟು ನೋಡಿ ಹೊರಟಾಗ ಸಂಜೆಯಾಗಿತ್ತು. ಅಲ್ಲಿಗೆ ಬರುವ ಒಂದೇ ಬಸ್ಸು ಬಂತು. ಉದ್ಯಾನಕ್ಕೆ ಬೇಲಿ ಇದೆ, ನಾಗರಿಕ ಸೌಲಭ್ಯದ (ಸಿ.ಎ.) ನಿವೇಶನಕ್ಕೆ ಬೋರ್ಡಿದೆ, ಬಸ್ಸು ತಿರುಗಲು ಮಾತ್ರ ಎಲ್ಲೂ ಜಾಗವಿಲ್ಲ. ರಸ್ತೆಯ ಎರಡೂ ಬದಿ ಕಾರು. ಕಂಡಕ್ಟರು ಕೆಳಗಿಳಿದು, ಬಸ್ಸಿನ ಪಕ್ಕೆಗೆ ಬಡಿಯುತ್ತಾ, "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೂಗುತ್ತಾ ಮುಖ್ಯರಸ್ತೆಯವರೆಗೂ ಅದನ್ನು ರಿವರ್ಸಿನಲ್ಲೇ ನಡೆಸಿಕೊಂಡು ಹೋದ. ನಾವು ಹಿಂದೆ ಹಿಂದೆ ನಡೆದು ಹೋಗಿ ಹತ್ತಿದೆವು.