ಬಿಳಿ ಕರವಸ್ತ್ರ ಜೇಬಿನಲ್ಲಿರಲಿ

ನಮ್ಮ ಪುಟ್ಟೇನಹಳ್ಳಿಯ ಬೀದಿಯ ಹುಡುಗನೊಬ್ಬ ಕಳೆದ ಭಾನುವಾರ ಫೋನಿನಲ್ಲಿ ಒಂದು ಫೋಟೊ ತೋರಿಸಿದ. ರಿಮೋಟಿನಲ್ಲಿ ಓಡಿಸುವ ಆಟದ ಟ್ರಕ್ಕು, ಟ್ರಾಕ್ಸಾಸ್ ಟಿ-ಮ್ಯಾಕ್ಸ್ ನೈಟ್ರೊ, ಸೆಕೆಂಡ್ ಹ್ಯಾಂಡ್. ಬಾಡಿ ಫಳಫಳ ಹೊಳೆಯುತ್ತಿತ್ತು. "ತಗೊಳ್ಲಾ ಅಂಕಲ್?" ಬಾಡಿ ತೆಗೆದ ಫೋಟೊ ಇದೆಯಾ ಎಂದೆ. ಇರಲಿಲ್ಲ. ಹಾಗಾದರೆ ನೀನಿನ್ನೂ ಟ್ರಕ್ಕನ್ನೇ ನೋಡಿಲ್ಲ ಕಣೋ ಎಂದೆ.

ಬಾಡಿ ಅಂಗಿ ಇದ್ದ ಹಾಗೆ, ಹರಿದರೆ ಹೊಸದು ತೊಡಿಸಬಹುದು. ದುಡ್ಡು ಕೊಡುವುದು ಅದರಡಿಯ 2.5 ಅಥವಾ 3.3 ಸಿಸಿ ಎಂಜಿನ್ನಿಗೆ. ಟ್ಯಾಂಕಿನ ಬಣ್ಣಕ್ಕೆ ಮರುಳಾಗಿ ಹಳೇ ಆರ್‌ಎಕ್ಸ್ 100 ಕೊಂಡು, ಆಮೇಲೆ ಬೋರ್ ಮಾಡಿಸುತ್ತ ಗ್ಯಾರೇಜಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೂ ಟೂ-ಸ್ಟ್ರೋಕೇ. ಕುಡಿಯುವುದು ಮಾತ್ರ ಪೆಟ್ರೋಲಲ್ಲ. ಮೆಥನಾಲ್, ನೈಟ್ರೊಮೀಥೇನ್, ಎಣ್ಣೆಯ ಮಿಶ್ರಣ. ಸ್ಪಾರ್ಕ್ ಪ್ಲಗ್ ಬದಲು ಪ್ಲಾಟಿನಂ ಸುರುಳಿಯ ಗ್ಲೋ ಪ್ಲಗ್. ಸ್ಟಾರ್ಟ್ ಮಾಡುವಾಗ ಒಮ್ಮೆ ಬ್ಯಾಟರಿಯಿಂದ ಕಾಯಿಸಿದರೆ ಸಾಕು, ಆಮೇಲೆ ಮೆಥನಾಲೇ ಅದನ್ನು ಕೆಂಪಗೆ ಇಟ್ಟಿರುತ್ತದೆ.

ಈ ಎಂಜಿನ್ನಿನ ಪಿಸ್ಟನ್ನಿಗೆ ರಿಂಗ್ ಇಲ್ಲ. ಅಲ್ಯುಮಿನಿಯಂ ಪಿಸ್ಟನ್, ಅದು ಓಡಾಡುವ ಕ್ರೋಮ್ ಬಳಿದ ಹಿತ್ತಾಳೆ ಸ್ಲೀವು. ಸ್ಲೀವು ಮೇಲೆ ಹೋದಂತೆ ಕೂದಲೆಳೆಯಷ್ಟು ಕಿರಿದು. ಕಾದಾಗ ಹಿಗ್ಗಿ ಅಳತೆ ಸರಿಹೋಗಲಿ ಅಂತ ಹಾಗೆ ಮಾಡಿರುತ್ತಾರೆ. ಅಂದಮೇಲೆ ತಣ್ಣಗಿರುವಾಗ ಪಿಸ್ಟನ್ ತುದಿಯಲ್ಲಿ ಬಿಗಿಯಾಗಿ ಹಿಡಿಯಲೇಬೇಕು. ಇದಕ್ಕೆ ಪಿಂಚ್ ಅನ್ನುತ್ತಾರೆ. ಗ್ಲೋ ಪ್ಲಗ್ ಬಿಚ್ಚಿಸಿ, ಫ್ಲೈವೀಲನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ. ಗಕ್ಕನೆ ತಡೆದು, ಒತ್ತಿದರೆ ದಾಟಬೇಕು. ಬುಗುರಿಯಂತೆ ಸಲೀಸಾಗಿ ತಿರುಗಿತೋ, ಸ್ಲೀವು ಸವೆದಿದೆ. ಸುತ್ತಿನುದ್ದಕ್ಕೂ ಮರಳು ಅರೆದಂತೆ ಕರಕರ ಅಂದರೆ ಅದು ಪಿಂಚಲ್ಲ, ಬೇರಿಂಗಿಗೆ ತುಕ್ಕು. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಓಡಿಸಿದ ಮೇಲೆ ಉಳಿದ ಇಂಧನ ಖಾಲಿ ಮಾಡಿ ನಾಲ್ಕು ಹನಿ ಎಣ್ಣೆ ಬಿಡದಿದ್ದರೆ ತುಕ್ಕಿಗೆ ಒಂದು ಮಳೆಗಾಲ ಸಾಕು. ತಿರುಗಲೇ ಒಲ್ಲದ ಎಂಜಿನ್ ಕಂಡರೆ ಗಾಬರಿ ಬೇಡ. ಇಂಧನದಲ್ಲಿದ್ದ ಹರಳೆಣ್ಣೆ ಅಂಟಾಗಿ ಕೂತಿರಬಹುದು. ಹೇರ್ ಡ್ರೈಯರ್ ಹಿಡಿದರೆ ಬಿಡುತ್ತದೆ. ಈ ಗುಟ್ಟನ್ನು ರೇಟು ಕುದುರಿದ ಮೇಲೆ ಹೇಳಿ.

ಇನ್ನು ಕರವಸ್ತ್ರ. ಏರ್ ಫಿಲ್ಟರ್ ಕಳಚಿ, ಬಿಳಿ ಬಟ್ಟೆಯ ತುದಿಯನ್ನು ಕಾರ್ಬುರೇಟರಿನ ಬಾಯೊಳಗೆ ಆಡಿಸಿ ತೆಗೆಯಿರಿ. ಬರೀ ಎಣ್ಣೆ ಜಿಡ್ಡಾದರೆ ಸರಿ. ಕೆಂಪು ಬಂದರೆ ನಮಸ್ಕಾರ ಹೇಳಿ ಎದ್ದುಬನ್ನಿ. ನಮ್ಮ ಊರಿನ ಕೆಮ್ಮಣ್ಣು ಸ್ಲೀವಿಗೆ ಉಪ್ಪುಕಾಗದವಿದ್ದಂತೆ. ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚದೆ ಖಾಲಿ ಸೈಟಿನಲ್ಲಿ ಓಡಿಸಿದವರ ಟ್ರಕ್ಕು ಎಷ್ಟು ದಿನ ಬಾಳೀತು? ನನ್ನ ಮೊದಲ ಟ್ರಕ್ಕು ಇಂಥದ್ದೇ. ಮಾರಿದವರು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸಿದ್ದರು, ನಾನು ಕುಣಿದಿದ್ದೆ. ಮನೆಗೆ ತಂದು ಕಾಲು ಗಂಟೆ ಓಡಿಸಿದೆ. ಬಿಸಿಯಾದದ್ದೇ ನಿಂತಿತು, ತಣಿಯುವ ತನಕ ಏನು ಮಾಡಿದರೂ ಏಳಲಿಲ್ಲ. ಬಿಚ್ಚಿದರೆ ಸ್ಲೀವಿನ ತುಂಬ ಉದ್ದುದ್ದ ಗೀರು.

ಯಾವ ಟ್ರಕ್ಕು? 1999ರಲ್ಲಿ ಬಂದ ಟಿ-ಮ್ಯಾಕ್ಸಿನ 3.3 ಎಂಜಿನ್ನಿನ ಮಾದರಿ, ಇಲ್ಲವೇ ಎಚ್‌ಪಿಐ ಸ್ಯಾವೇಜ್. ಸ್ಯಾವೇಜಿನ ಎರಡು ಲೋಹದ ಹಲಗೆಗಳ ಚಾಸಿ ಎಮ್ಮೆಯಷ್ಟು ಗಟ್ಟಿ. ಆದರೂ ಹೊಸಬರಿಗೆ ನಾನು ಹೇಳುವುದು ಟಿ-ಮ್ಯಾಕ್ಸೇ. ಗಟ್ಟಿ ಟ್ರಕ್ಕೆಂದರೆ ಮುರಿಯದ್ದಲ್ಲ, ಮುರಿದ ವಾರದಲ್ಲೇ ಚಕ್ರ ಹಿಡಿದಿಡುವ ಎ-ಆರ್ಮೋ ಸ್ಪರ್ ಗೇರೋ ತರಿಸಿ ಮತ್ತೆ ಓಡಿಸಬಹುದಾದದ್ದು. "ಅಲ್ಯುಮಿನಿಯಂ ಆರ್ಮ್ ಹಾಕಿಸಿದ್ದೀನಿ ಸಾರ್" ಅಂದರೆ ಒಂದು ರೂಪಾಯಿ ಹೆಚ್ಚಿಗೆ ಕೊಡಬೇಡಿ. ಪ್ಲಾಸ್ಟಿಕ್ ಬಾಗಿ ವಾಪಸ್ಸು ಬರುತ್ತದೆ. ಅಲ್ಯುಮಿನಿಯಂ ಬಾಗಿದ್ದು ಬಾಗಿದ್ದೇ, ಏಟನ್ನೂ ಒಳಗಿನ ಭಾಗಕ್ಕೆ ದಾಟಿಸುತ್ತದೆ.

ಇನ್ನೊಂದು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರ, ಗಾಳಿ ತೆಳು. ಚೆನ್ನೈನಲ್ಲಿ ಟ್ಯೂನ್ ಆದದ್ದು ಇಲ್ಲಿ ಹೊಗೆಯುಗುಳಿ ಕೆಮ್ಮುತ್ತದೆ, ಕಾರ್ಬುರೇಟರಿನ ಸೂಜಿ ತುಸು ಬಿಗಿ ಮಾಡಿದರೆ ಸರಿ. ಅಪಾಯ ಉಲ್ಟಾ ದಾರಿಯಲ್ಲಿದೆ. ಇಲ್ಲಿ ಟ್ಯೂನ್ ಮಾಡಿದ್ದನ್ನು ಪಣಂಬೂರು ಕಡಲತೀರಕ್ಕೊಯ್ದು ಹಾಗೇ ಓಡಿಸಿದರೆ ಇಂಧನ ಸಾಲದೆ ಎಂಜಿನ್ ಸುಡುತ್ತದೆ. ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಡಿ. ಮೂರು ನಾಲ್ಕು ಸೆಕೆಂಡಿನಲ್ಲಿ ಆರಿದರೆ ಹದ, ಬಿದ್ದೊಡನೆ ಚುಂಯ್ ಅಂದರೆ ನಿಲ್ಲಿಸಿ.

ಟ್ರಕ್ಕಿಗಿಂತ ಮೊದಲು ಇಂಧನ ಸಿಗುವ ಅಂಗಡಿ ಹುಡುಕಿ. ವಿಮಾನದ ಪಾರ್ಸೆಲ್ಲಿನಲ್ಲಿ ಇದನ್ನು ತರಿಸುವಂತಿಲ್ಲ. ಡಬ್ಬಿ ಮಕ್ಕಳ ಕೈಗೆ ಸಿಗಬಾರದು. 1981ರಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿಯೊಳಗೆ ಸೇರಿ ಜನರ ಜೀವ ತೆಗೆದದ್ದು ಇದೇ ಮೆಥನಾಲ್. ಓಡಿಸುವ ಜಾಗ ಕೆರೆ ದಂಡೆಯಂತೂ ಅಲ್ಲ. ಜೆ.ಪಿ. ನಗರ 7ನೇ ಹಂತದ ನಮ್ಮ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿ ಉಳಿಸಿಕೊಂಡಿದ್ದಾರೆ. ನೀರುಕೋಳಿಗಳ ಕಿವಿಗೆ ಈ ಕಿರುಚಾಟ ಬೇಡ.

ಮೊನ್ನೆ ಹುಡುಗ ನನ್ನ ಕರವಸ್ತ್ರ ವಾಪಸ್ಸು ಕೊಟ್ಟ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಮಾರುವವರು ಫಿಲ್ಟರಿಗೆ ಕೈ ಹಾಕಲು ಬಿಡಲಿಲ್ಲವಂತೆ.